ಹದಿಮೂರನೆಯವಳು

ತೆಲುಗು ನಾಡಿನ ಮಂಗಳಗಿರಿಯಿಂದಾಚೆ ಒಂದು ಸಣ್ಣ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಎರಡೂವರೆ ವರ್ಷ ಓದಿದೆ. ಅಪ್ಪ ಧಾರವಾಡದವರು, ಬ್ಯಾಂಕ್ ಅಧಿಕಾರಿ. ನಮ್ಮಂಥ ಮಕ್ಕಳಿಗೆ ಊರೆಂದರೆ ಮುಂದಿನ ಟ್ರಾನ್ಸ್‌ಫರ್‌ವರೆಗಿನ ವಿಳಾಸ, ಅಷ್ಟೇ. ಆ ಶಾಲೆಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ, ಲ್ಯಾಬಿಗೆ ಸದಾ ಬೀಗ. ಆದರೆ ಖೋಖೋ ಇತ್ತು. ಜಿಲ್ಲೆಗೆ ಮೊದಲು ಬಂದ ತಂಡದ ಹನ್ನೆರಡು ಹೆಸರುಗಳನ್ನು ಆಟದ ಮೇಷ್ಟರು ಜಗಲಿಯ ಗೋಡೆಗೆ ಹಳದಿ ಬಣ್ಣದಲ್ಲಿ ತಾವೇ ಬರೆಯುತ್ತಿದ್ದರು. ಸುಣ್ಣ ಹೊಡೆಯುವವರು ಆ ಹೆಸರುಗಳನ್ನು ಬಿಟ್ಟು ಸುತ್ತ ಹೊಡೆಯಬೇಕು.

ಹತ್ತನೇ ತರಗತಿಯಲ್ಲಿ ನಾನೂ ಆ ಹನ್ನೆರಡರಲ್ಲಿದ್ದೆ. ಹದಿಮೂರನೆಯವಳು ನನ್ನ ಬೆಂಚಿನ ಗೆಳತಿ, ಮಗ್ಗದವರ ಮನೆಯ ಹುಡುಗಿ. ಅವಳು ನನಗಿಂತ ಚುರುಕು, ಅದು ಇಬ್ಬರಿಗೂ ಗೊತ್ತಿತ್ತು. ಆಯ್ಕೆಯ ವಾರ ಅವಳಿಗೆ ಜ್ವರ ಬಂದಿತ್ತು.

ಹೆಸರುಗಳ ಪಟ್ಟಿ ಜಿಲ್ಲೆಗೆ ಹೋದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಹೇಳಿದರು, "ವೈಜಾಗಿಗೆ ಆರ್ಡರ್ ಬಂದೈತಿ. ರವಿವಾರ ಲಾರಿ ಬರತೈತಿ, ಪುಸ್ತಕ ಕಟ್ಟಿಟ್ಕೋ."

ನಾನು ಮಜ್ಜಿಗೆ ಕಲಸಿಕೊಂಡು ಊಟ ಮುಗಿಸಿದೆ. ಅಳು ಬರಲಿಲ್ಲ. ಬರಬೇಕಿತ್ತು ಎಂದು ಈಗ ಅನ್ನಿಸುತ್ತದೆ, ಆಗ ಅದೂ ಅನ್ನಿಸಲಿಲ್ಲ.

ಪಟ್ಟಿ ಬದಲಿಸುವ ಹಾಗಿರಲಿಲ್ಲ. ಮೇಷ್ಟರು ಗೆಳತಿಯನ್ನು ನನ್ನ ಹೆಸರಿನಲ್ಲಿ ಆಡಿಸಿದರು. ತಿಂಗಳಾದ ಮೇಲೆ ವಿಶಾಖಪಟ್ಟಣದ ಮನೆಗೆ ಒಂದು ಲಕೋಟೆ ಬಂತು. ಫೈನಲ್‌ನಲ್ಲಿ ಕೊನೆಯ ಮೂವರನ್ನು ಔಟ್ ಮಾಡಿ ತಂಡವನ್ನು ಗೆಲ್ಲಿಸಿದ್ದು ಅವಳೇ ಎಂದು ಮೇಷ್ಟರ ಚೀಟಿ. ಜೊತೆಗೆ ನನ್ನ ಹೆಸರಿನ ಸರ್ಟಿಫಿಕೇಟು.

"ಇದು ನಂದಲ್ಲ," ಎಂದೆ.

"ಹೆಸರು ನಿಂದೇ ಐತಲ್ಲ. ಇಟ್ಕೋ, ಮುಂದ ಉಪಯೋಗಕ್ಕ ಬರತೈತಿ," ಎಂದರು ಅಪ್ಪ.

ಬಂತು. ಕಾಲೇಜಿನಲ್ಲಿ ಕ್ರೀಡಾ ಕೋಟಾದ ಸೀಟು ಸಿಕ್ಕಿದ್ದು ಅದರಿಂದಲೇ. ಅಲ್ಲಿ ತಂಡಕ್ಕೆ ಕರೆದಾಗ ಮೊಣಕಾಲು ನೋವು ಎಂದೆ. ಮೂರು ವರ್ಷವೂ ಅದೇ ಮೊಣಕಾಲು.

ಈಗ ನಾನೂ ಬ್ಯಾಂಕಿನವಳೇ. ಹೋದ ವರ್ಷ ಗವರ್ನರ್‌ಪೇಟೆಯ ಶಾಖೆಗೆ ಬಂದೆ, ಆ ಹಳೆಯ ಊರಿನಿಂದ ದೂರವೇನಲ್ಲ. ಜೂನ್‌ನಲ್ಲಿ, ಬ್ಯಾಂಕಿಗೆ ರಜೆಯಿದ್ದ ನಾಲ್ಕನೇ ಶನಿವಾರ, ಬಸ್ಸು ಹತ್ತಿ ಆ ಶಾಲೆಗೆ ಹೋದೆ. ಜಗಲಿಯಲ್ಲಿ ಆ ಗೆಳತಿಯೇ ನಿಂತಿದ್ದಳು, ಮಗಳನ್ನು ಆರನೇ ತರಗತಿಗೆ ಸೇರಿಸಲು ಬಂದಿದ್ದಳಂತೆ; ಅಲ್ಲಿ ಹೈಸ್ಕೂಲು ಆರರಿಂದಲೇ ಶುರು. ಒಂದು ಕ್ಷಣ ದಿಟ್ಟಿಸಿ, ನನ್ನ ಎರಡೂ ಕೈ ಹಿಡಿದುಕೊಂಡಳು.

"ನೋಡೇ," ಎಂದು ಮಗಳಿಗೆ ತೆಲುಗಿನಲ್ಲಿ ಹೇಳಿದಳು, "ಗೋಡೆ ಮೇಲಿನ ಆ ಹೆಸರು ಇವಳದು. ಆಡಿದ್ದು ನಾನು."

ಅದರಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಆಮೇಲೆ ನನ್ನತ್ತ ತಿರುಗಿ ಕೇಳಿದಳು, "ಸರ್ಟಿಫಿಕೇಟು ನಿನಗೆ ಬಂತಾ? ನಾನು ಅದನ್ನು ನೋಡಿಯೇ ಇಲ್ಲ. ಒಂದು ಸಲ ನೋಡಬೇಕು ಅಂತ ಆಸೆ."

ಅದು ಮನೆಯ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇತ್ತು. ಈಗಲೂ ಇದೆ.

"ಇಲ್ಲ, ಬರಲೇ ಇಲ್ಲ," ಎಂದೆ.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಮಜ್ಜಿಗೆ ಅನ್ನ ಉಂಡು ಎದ್ದ ದಿನದ ಹಾಗೆಯೇ.

"ಹೋಗಲಿ ಬಿಡು, ಗೋಡೆ ಇದೆಯಲ್ಲ," ಎಂದಳು. ಮಗಳ ಬೆರಳು ಹಿಡಿದು ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಮುಟ್ಟಿಸಿದಳು.