ಊರಿಗೆ ಹೋದವಳ ಊಟ

ಮೊನ್ನೆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದ ಮೇಡಂ ಒಬ್ಬರು ಊಟದ ಡಬ್ಬಿ ಬಿಚ್ಚಿದರು. ಶೇಂಗಾ ಚಟ್ನಿಪುಡಿ. ಬೆಳ್ಳುಳ್ಳಿ ಕೊಂಚ ಹೆಚ್ಚೇ ಬಿದ್ದಿತ್ತು. ಉತ್ತರ ಪತ್ರಿಕೆಗಳ ಕಂತೆ ಮುಂದಿಟ್ಟುಕೊಂಡು ಒಂದೇ ಉತ್ತರವನ್ನು ನಲವತ್ತನೇ ಸಲ ಓದುತ್ತಿದ್ದ ನಾನು ಪೆನ್ನು ಕೆಳಗಿಟ್ಟೆ. "ಯಾಕೆ ಮೇಡಂ, ತಲೆನೋವಾ?" ಅಂದರು. ಹೌದು ಅಂದೆ. ಹೊಸದುರ್ಗದ ಈ ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಮಾಡಿದ ಮೇಲೆ, ಯಾರು ಏನು ಕೇಳಿದರೂ ತಲೆನೋವು ಅಂದುಬಿಡುವುದು ನನಗೆ ರೂಢಿಯಾಗಿದೆ.

ಅದು ಅಕ್ಕನ ಡಬ್ಬಿಯ ವಾಸನೆ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವಳು, ಅಷ್ಟೇ...

ತೊಂಬತ್ತರ ದಶಕದ ಕೊನೆಯ ವರ್ಷಗಳು. ಎಂ.ಎ. ಓದಲು ನಾನು ಹೊರಕೆರೆದೇವಪುರದಿಂದ ಟ್ರಂಕು ಹೊತ್ತು, ಮೂರು ಬಸ್ಸು ಬದಲಿಸಿ ಹೋಗಿದ್ದೆ. ದೊಡ್ಡ ಯೂನಿವರ್ಸಿಟಿ ಅಂತ ಕೇಳಿದ್ದೆ, ಅಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ. ಗೇಟಿನಿಂದ ಡಿಪಾರ್ಟ್‌ಮೆಂಟು ಮುಟ್ಟುವಷ್ಟರಲ್ಲಿ ಕಾಲು ಸೋಲುತ್ತಿತ್ತು. ಎಲ್ಲದಕ್ಕೂ ಕ್ಯೂ. ಅರ್ಜಿ ಪಡೆಯುವುದಕ್ಕೆ ಒಂದು, ಅದೇ ಅರ್ಜಿ ಕೊಡುವುದಕ್ಕೆ ಇನ್ನೊಂದು. ಹಾಸ್ಟೆಲ್ ಸೀಟಿಗಾಗಿ ಎರಡು ದಿನ ನಿಂತ ಮೇಲೆ ಕಿಟಕಿಯ ಗುಮಾಸ್ತರು, "ವೇಟಿಂಗ್ ಲಿಸ್ಟಲ್ಲಿ ಮೊದಲನೇ ಹೆಸರು ನಿಂದೇ. ಯಾರಾದ್ರೂ ಬಿಟ್ರೆ ಸಿಗುತ್ತೆ" ಅಂದರು.

"ಸಾರ್, ಉಳ್ಕಣಾಕೆ ಬ್ಯಾರೆ ಎಲ್ಲೂ ಇಲ್ರಿ. ಟ್ರಂಕು ಹೊರಗೇ ಐತೆ" ಅಂದೆ.

ಹಿಂದೆ ನಿಂತವರು ನನ್ನ ಮಾತು ಕೇಳಿ ಕಿಸಕ್ಕೆಂದರು. ಒಬ್ಬಳು ಮಾತ್ರ ನಗದೆ ಪಕ್ಕಕ್ಕೆ ಕರೆದು, "ಯಾವೂರವ್ವ ನಿಂದು?" ಅಂದಳು. ಹೇಳಿದೆ. "ನಂದು ಹರಿಯಬ್ಬೆ, ಹಿರಿಯೂರು ತಾಲೂಕು. ಎತ್ತು ಟ್ರಂಕು, ಹೋಗಾಣ" ಅಂದಳು. ಟ್ರಂಕಿನ ಒಂದು ಹಿಡಿ ಅವಳೇ ಹಿಡಿದಳು.

ಹಾಸ್ಟೆಲಿನಲ್ಲಿ ಸೀಟಿಲ್ಲದೆ ಇನ್ನೊಬ್ಬರ ರೂಮಿನಲ್ಲಿ ಕದ್ದು ಉಳಿಯುವವರನ್ನು ಪ್ಯಾರಸೈಟ್ ಅನ್ನುತ್ತಿದ್ದರು. ಅದೊಂದು ಬೈಗುಳವೂ ಅಲ್ಲ, ಅಂಥವರು ರೂಮುಗಳ ಪ್ರತಿ ಸಾಲಿನಲ್ಲೂ ಇದ್ದರು. ಸಿಕ್ಕಿಬಿದ್ದರೆ ಮಾತ್ರ ಇಟ್ಟುಕೊಂಡವರ ಸೀಟು ರದ್ದು. ಅಕ್ಕನದು ಹಳೇ ಬ್ಲಾಕಿನಲ್ಲಿ ಒಬ್ಬರಿಗೆಂದು ಕೊಡುತ್ತಿದ್ದ ಪುಟ್ಟ ರೂಮು. ಒಂದು ದಿನ ಅವಳು ಮಂಚದ ಮೇಲೆ, ನಾನು ಚಾಪೆಯ ಮೇಲೆ. ಮರುದಿನ ಅದಲು ಬದಲು. ಬೇಡ ಅಂದರೆ ಕೇಳುತ್ತಿರಲಿಲ್ಲ. ಮೆಸ್ಸಿನಲ್ಲಿ ಅವಳು ಎರಡು ಮುದ್ದೆ, ಹೊರೆ ಅನ್ನ ಹಾಕಿಸಿಕೊಂಡು, ಹುಷಾರಿಲ್ಲವೆಂದು ತಟ್ಟೆಯನ್ನು ರೂಮಿಗೆ ತರುತ್ತಿದ್ದಳು. ಊರಿನ ಚಟ್ನಿಪುಡಿ ನೆಂಚಿಕೊಂಡು ಇಬ್ಬರೂ ಅದನ್ನೇ ಉಣ್ಣುತ್ತಿದ್ದೆವು.

"ಮೆಸ್ಸಿನೋರು ನನ್ನ ಹೊಟ್ಟೇಲಿ ಜಂತುಹುಳ ಅವೆ ಅಂದ್ಕಂಡವ್ರೆ ಕಣೆ" ಅನ್ನುತ್ತಿದ್ದಳು. "ಅದೂ ಎಂ.ಎ. ಓದೋ ಹುಳ."

ಅವಳಿಗೆ ಅದು ಕೊನೆಯ ವರ್ಷ. ಅವರ ಮನೆಯಲ್ಲಿ ಹೈಸ್ಕೂಲು ದಾಟಿದವಳು ಅವಳೊಬ್ಬಳೇ. ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನುವುದನ್ನು ಬಿಟ್ಟು ಬೇರೆ ಆಸೆ ಅವಳ ಬಾಯಲ್ಲಿ ನಾನು ಕೇಳಿಲ್ಲ. ಮದುವೆ ಮಾಡುತ್ತೇವೆಂದು ಹೊರಟಿದ್ದ ಅಪ್ಪನನ್ನು, ಇದೊಂದು ವರ್ಷ ತಡೀರಿ ಎಂದು ನಿಲ್ಲಿಸಿ ಬಂದಿದ್ದಳು.

ಡಿಸೆಂಬರಿನಲ್ಲಿ ಅವಳ ಅವ್ವನಿಗೆ ಕಣ್ಣಿನ ಆಪರೇಷನ್ ಆಯಿತು. ಅಕ್ಕ ನಾಲ್ಕು ದಿನ ಊರಿಗೆ ಹೊರಟಳು. ಊರಿಗೆ ಹೋಗುವವರು ಹಾಸ್ಟೆಲಿನ ಪುಸ್ತಕದಲ್ಲಿ ಸಹಿ ಮಾಡಿದರೆ ಅಷ್ಟು ದಿನ ಮೆಸ್ಸಿನಲ್ಲಿ ಅವರ ಊಟ ಬಂದ್. "ಸೈನ್ ಹಾಕೀನಿ, ಮೆಸ್ ಕಡೆ ಕಾಲಿಡಬ್ಯಾಡ. ಬನ್ನು ತಿಂದ್ಕಂಡು ಹೆಂಗಾರ ಇರು" ಎಂದು ಎರಡೆರಡು ಸಲ ಹೇಳಿ ಹೋದಳು.

ಶುಕ್ರವಾರ ಬನ್ನು ತಿಂದೆ. ಶನಿವಾರ ಬನ್ನು, ಬಾಳೆಹಣ್ಣು. ಭಾನುವಾರ ಮೆಸ್ಸಿನಲ್ಲಿ ಪಲಾವು, ಶಾವಿಗೆ ಪಾಯಸ. ಹಳೇ ಬ್ಲಾಕಿಗೂ ಮೆಸ್ಸಿಗೂ ನಡುವೆ ಇದ್ದದ್ದು ಬಟ್ಟೆ ಒಣಹಾಕುವ ಅಂಗಳ ಮಾತ್ರ. ಆ ವಾಸನೆಗೆ ನನ್ನ ಬುದ್ಧಿ ಕೆಟ್ಟಿತು ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಕೆಟ್ಟಿರಲಿಲ್ಲ. ಇಷ್ಟು ಜನರಲ್ಲಿ ಯಾರು ನೋಡುತ್ತಾರೆ ಎಂದು ಲೆಕ್ಕ ಹಾಕಿಯೇ ಹೋದೆ. ವೇಲು ತಲೆ ತುಂಬ ಹೊದ್ದು, ಅಕ್ಕನ ರೂಮ್ ನಂಬರು ಹೇಳಿದೆ. ಬಡಿಸುವ ಹೆಂಗಸು ಮೆಸ್ಸಿನ ಪುಸ್ತಕದಲ್ಲಿ ಗುರುತು ಹಾಕಿದರು. ಹೊಟ್ಟೆ ತುಂಬ ಉಂಡೆ, ಪಾಯಸ ಎರಡನೇ ಸಲ ಹಾಕಿಸಿಕೊಂಡೆ.

ಅಕ್ಕ ಮಂಗಳವಾರ ಬಂದಳು. ಅಂದು ಸಂಜೆಯೇ ವಾರ್ಡನ್ ಮೇಡಂ ನೇರವಾಗಿ ಅವಳ ರೂಮಿಗೆ ನುಗ್ಗಿದರು. ನಾನು ಲೈಬ್ರರಿಯಲ್ಲಿದ್ದೆ. ಎರಡು ಹಾಸಿಗೆ, ಎರಡು ಜೊತೆ ಚಪ್ಪಲಿ, ಹೆಸರಿಲ್ಲದ ನನ್ನ ಟ್ರಂಕು... ಇನ್ನೊಬ್ಬಳು ಯಾರು ಎಂದು ಮೇಡಂ ಗದರಿಸಿ ಕೇಳಿದರಂತೆ. ಅಕ್ಕ ಬಾಯಿ ಬಿಡಲಿಲ್ಲ. ನಾನು ಬರುವಷ್ಟರಲ್ಲಿ ಸೀಟು ರದ್ದಾಗಿ, ಅವಳು ಬಟ್ಟೆ ಮಡಚುತ್ತಿದ್ದಳು.

"ನನ್ನ ಹೆಸರು ಹೇಳಬೇಕಿತ್ತು ಅಕ್ಕ" ಅಂದೆ.

"ಹೇಳಿದ್ರೆ ವೇಟಿಂಗ್ ಲಿಸ್ಟಿಂದ ನಿನ್ನೂ ಹೊಡೆದು ಹಾಕೋರು. ನಂದಂತೂ ಹೋಯ್ತು. ಈಗ ಖಾಲಿಯಾಗಿರೋ ಸೀಟು ನಿಂಗೇ ಬರ್ತೈತೆ, ಬಿಡಬ್ಯಾಡ" ಅಂದಳು. ಆಮೇಲೆ ಗೋಡೆಯ ಕಡೆ ಕೈ ತೋರಿಸಿ, "ಎಲ್ಲಾ ಈ ಪಕ್ಕದ ರೂಮಿನೋಳ ಕೆಲಸ. ನಲ್ಲಿ ಹತ್ರ ಆದ ಬಕೀಟಿನ ಜಗಳ ಮನಸ್ಸಲ್ಲಿ ಇಟ್ಕಂಡು ಚಾಡಿ ಹೇಳ್ಯಾಳೆ" ಅಂದಳು.

ಇರಬಹುದು ಅಂತ ನಾನೂ ನಂಬಿದೆ. ವಾರದಲ್ಲಿ ಸೀಟು ನನಗೇ ಬಂತು, ಅದೇ ರೂಮು. ಮೊದಲ ಸಲ ಸ್ವಂತ ಹೆಸರಿನಲ್ಲಿ ತಟ್ಟೆ ಹಿಡಿದು ನಿಂತಾಗ ಬಡಿಸುವ ಹೆಂಗಸು, "ಈ ರೂಮಿಗೆ ಬಂದ್ಯಾ? ಊರಿಗೆ ಹೋದೋಳ ಹೆಸರಲ್ಲಿ ಇಲ್ಲಿ ಯಾರೋ ಭಾನುವಾರ ಉಂಡಿದ್ರು ಕಣಮ್ಮ. ವಾರ್ಡನ್ನು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದ್ರು, ಸಿಕ್ಕೊಂಬಿಟ್ಲು ಪಾಪ" ಅಂದರು. ನನ್ನ ಗುರುತು ಅವರಿಗೆ ಸಿಗಲಿಲ್ಲ. ತಟ್ಟೆ ಹಿಡಿದು ಮೂಲೆಗೆ ಹೋಗಿ ಕುಂತೆ. ಬಡಿಸಿದ್ದನ್ನು ಪೂರ್ತಿ ಉಂಡೆ ಅನ್ನುವುದನ್ನೂ ಬರೆಯಬೇಕು.

ಅಕ್ಕ ಮೂವತ್ತು ಮೈಲಿ ದೂರದ ನೆಂಟರ ಮನೆಯಿಂದ ಬಸ್ಸಿನಲ್ಲಿ ಓಡಾಡತೊಡಗಿದಳು. ಮೊದಲ ಪೀರಿಯಡ್ಡು ದಿನಾ ತಪ್ಪುತ್ತಿತ್ತು. ಲೈಬ್ರರಿಯ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿರುತ್ತಿದ್ದಳು. ನಾಲ್ಕಾರು ಸಲ ಎದುರಿಗೆ ಕುಂತು, ಇವತ್ತು ಹೇಳಿಬಿಡಬೇಕು ಅಂದುಕೊಂಡೆ. ಅವಳು ಎದ್ದು ನಕ್ಕರೆ ನನ್ನ ಧೈರ್ಯ ಅಲ್ಲಿಗೇ ಮುಗಿಯುತ್ತಿತ್ತು. ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. ಇನ್ನೊಂದು ವರ್ಷ ತಡೆಯಲು ಅಪ್ಪ ಒಪ್ಪಲಿಲ್ಲ. ಮೇ ತಿಂಗಳಿನಲ್ಲಿ ಅವಳ ಮದುವೆಯ ಕರೆಯೋಲೆ ಅದೇ ರೂಮಿಗೆ, ನನ್ನ ಹೆಸರಿಗೆ ಬಂತು. ನಾನು ಹೋಗಲಿಲ್ಲ.

ಪಕ್ಕದ ರೂಮಿನವಳ ಜೊತೆ ನಮ್ಮ ಸಾಲಿನವರೆಲ್ಲ ಮಾತು ಬಿಟ್ಟರು. ಅವಳು ನಲ್ಲಿಯ ಹತ್ತಿರ ಬಂದರೆ ಉಳಿದವರು ಬಕೀಟು ಎತ್ತಿಕೊಂಡು ಹೋಗುತ್ತಿದ್ದರು. ಮೆಸ್ಸಿನಲ್ಲಿ ಕೋರ್ಸು ಮುಗಿಯುವವರೆಗೂ ಒಬ್ಬಳೇ ಉಂಡಳು. ಒಂದು ಸಲ ನನ್ನ ಬಾಗಿಲಿಗೆ ಬಂದು, "ನಾನು ಹೇಳಿಲ್ಲ ಕಣ್ರಿ, ನಿಮಗಾದ್ರೂ ಗೊತ್ತಲ್ಲ" ಅಂದಳು. ಅವಳಿಗೆ ಚಾಡಿ ಹೇಳುವ ಬುದ್ಧಿಯಿದ್ದರೆ, ನಾನೇ ಆ ಪ್ಯಾರಸೈಟ್ ಎಂದು ಅವತ್ತೇ ವಾರ್ಡನ್ನಿಗೆ ಹೇಳಿ ನನ್ನ ಸೀಟು ಕಳೆಯಬಹುದಿತ್ತು. ಹೇಳಿರಲಿಲ್ಲ. ನಾನು ಬಾಗಿಲು ಹಾಕಿಕೊಂಡೆ.

ಎಷ್ಟೋ ವರ್ಷದ ಮೇಲೆ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಳು. ಅಂಗನವಾಡಿ ಟೀಚರಾಗಿದ್ದಳು, ಮೀಟಿಂಗಿಗೆ ಬಂದಿದ್ದಳಂತೆ. "ಲೇ, ಲೆಕ್ಚರರ್ ಆದ್ಯಾ! ನನ್ನ ಸೀಟು ಹಾಳಾಗಲಿಲ್ಲ ನೋಡು" ಎಂದು ಎಲ್ಲರೆದುರೇ ನನ್ನ ಕೆನ್ನೆ ಹಿಂಡಿದಳು. ಆಮೇಲೆ ದನಿ ಇಳಿಸಿ, "ಎಲ್ಲಾರನ್ನೂ ಕ್ಷಮಿಸೀನಿ ಕಣೆ. ಆ ಪಕ್ಕದ ರೂಮಿನೋಳೊಬ್ಬಳ್ನ ಮಾತ್ರ ಆಗವಲ್ದು" ಅಂದಳು. ಬಾಯಿ ತೆರೆದೆ. ಹೊಸದುರ್ಗದ ಬಸ್ಸು ಬಂತು. ಬರ್ತೀನಕ್ಕ ಅಂದು ಹತ್ತಿಬಿಟ್ಟೆ. ಮುಂದಿನ ಬಸ್ಸು ಅರ್ಧ ಗಂಟೆಗೇ ಇತ್ತು.

ಹೋದ ವರ್ಷ ಅಕ್ಕ ತೀರಿಕೊಂಡಳು. ಹಿರಿಯೂರಿನ ವಿದ್ಯಾರ್ಥಿನಿಯೊಬ್ಬಳ ಬಾಯಿಂದ, ಎಲ್ಲ ಮುಗಿದು ತಿಂಗಳಾದ ಮೇಲೆ ಗೊತ್ತಾಯಿತು. ಅವಳ ಮುಂದೆ ಕುಂತು ಹೇಳುವ ಕೆಲಸ ನನಗೆ ಇನ್ನಿಲ್ಲ. ಪಕ್ಕದ ರೂಮಿನವಳು ಇದ್ದಾಳೆ, ಚಿತ್ರದುರ್ಗದಲ್ಲೇ, ನನ್ನ ಹಾಗೆ ಪಾಠ ಮಾಡಿಕೊಂಡು. ಮೌಲ್ಯಮಾಪನಕ್ಕೆ ಹೋದಾಗ ಹಾಲ್‌ನ ಆ ತುದಿಯಲ್ಲಿ ಕಾಣುತ್ತಾಳೆ, ಮಧ್ಯಾಹ್ನ ಈಗಲೂ ಒಬ್ಬಳೇ ಉಣ್ಣುತ್ತಾಳೆ. ನಾನು ಪ್ರತಿ ವರ್ಷ ಅವಳಿಗೆ ಬೆನ್ನು ಹಾಕಿ ಕೂರುತ್ತೇನೆ.