ಬಾವಿ ನೋಡಲು ಬಂದ ಎರಡನೆಯ ಜಡ್ಜ್

ನಾನು ಮದುವೆಯಾಗಿ ಕಮರಿಪೇಟೆಗೆ ಬಂದ ವರ್ಷವೇ ಪಕ್ಕದ ಮನೆಯವರು ಬಾವಿ ತಮ್ಮ ಕಡೆಗೇ ಸೇರುವಂತೆ ಗೋಡೆ ಎಬ್ಬಿಸಿದರು. ಎರಡೂ ಮನೆಗೆ ಸೇರಿದ ಬಾವಿ ಅದು. ನಮ್ಮ ಮನೆಯಿಂದ ಯಾರೂ ಅಲ್ಲಿ ನೀರು ಸೇದಿದ್ದೇ ಇಲ್ಲ ಎಂದು ಅವರು ಸಾಧಿಸಿದರು. ವಿಧವೆಯಾಗಿದ್ದ ನಮ್ಮ ಅತ್ತೆ ಹುಬ್ಬಳ್ಳಿ ಕೋರ್ಟಿನಲ್ಲಿ ದಾವೆ ಹೂಡಿದರು. ಅದು ಆರು ವರ್ಷ ನಡೆಯಿತು. ಆರು ವರ್ಷವೂ ನಾನು ಎರಡು ಓಣಿ ದಾಟಿ ನೀರು ಹೊತ್ತೆ. ಎರಡು ಬಸಿರಿನಲ್ಲೂ ಹೊತ್ತೆ.

ತಾರೀಖಿನ ದಿನ ಅತ್ತೆಯ ಜೊತೆ ನಾನೂ ಹೋಗುತ್ತಿದ್ದೆ. ಸಂಜೆಯವರೆಗೆ ಕಾದ ಮೇಲೆ ವಕೀಲರು ಬಂದು, "ಇವತ್ತೂ ನಮ್ಮದು ಬರಲಿಲ್ರಿ, ಅವ್ವಾರ. ಸಾಹೇಬ್ರು ಒಬ್ಬರು, ಕಾಗದ ನೋಡಿದ್ರ ಖೋಲಿ ತುಂಬ ಅದಾವು" ಎನ್ನುತ್ತಿದ್ದರು.

"ಹಂಗಾರ ಇನ್ನೊಬ್ಬರನ್ನ ಕಳಸಾಕ ಸರಕಾರಕ್ಕ ಏನ ಧಾಡಿ?" ಅತ್ತೆ ಜೋರಾಗಿಯೇ ಕೇಳುತ್ತಿದ್ದರು. ವಕೀಲರು ಅತ್ತಿತ್ತ ನೋಡಿ, ಮೆಲ್ಲಗೆ ಎಂದು ಸನ್ನೆ ಮಾಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಕರ ವಸೂಲಿಗೆ ಆ ಸರಕಾರಕ್ಕೆ ಮಂದಿ ಸಾಲದೆ ಹೋದದ್ದನ್ನು ನಾನೆಂದೂ ಕಾಣಲಿಲ್ಲ.

ಆರನೆಯ ವರ್ಷ ಇನ್ನೊಬ್ಬ ಜಡ್ಜ್ ಬಂದರು. ಅವರಿಗೊಂದು ಕೋಣೆಯೂ ಇರಲಿಲ್ಲ. ಪಡಸಾಲೆಗೆ ಬಿದಿರಿನ ತಟ್ಟಿ ಕಟ್ಟಿ ಕೂರಿಸಿದರು. ನಮ್ಮ ದಾವೆ ಅವರ ಪಾಲಿಗೆ ಬಂತು. ಬಾವಿಯನ್ನು ತಾವೇ ನೋಡುವುದಾಗಿ ಹೇಳಿ ಒಂದು ಬೆಳಗ್ಗೆ ಇಬ್ಬರೂ ವಕೀಲರನ್ನು ಕರೆದುಕೊಂಡು ಬಂದರು. ಗೋಡೆಯಾಚೆ ಸೇರಿಹೋಗಿದ್ದ ನಮ್ಮ ಕಡೆಯ ಕಟ್ಟೆಯ ಮೇಲೆ ಕೈಯಾಡಿಸಿದರು. ಹಗ್ಗ ಉಜ್ಜಿ ಉಜ್ಜಿ ಅಲ್ಲಿಯ ಕಲ್ಲಿನಲ್ಲಿ ಬೆರಳಾಳದ ಗೆರೆಗಳು ಬಿದ್ದಿದ್ದವು.

"ಈ ಕಡಿಂದ ಯಾರೂ ಸೇದಿಲ್ಲ ಅಂತೀರಿ. ಹಂಗಾರ ಇವು ಹೆಂಗ ಬಿದ್ದುವು?" ಎಂದು ಪಕ್ಕದ ಮನೆಯವರನ್ನು ಕೇಳಿದರು.

ಮುಂದಿನ ತಿಂಗಳು ತೀರ್ಪು ನಮ್ಮ ಕಡೆಗಾಯಿತು. ಅತ್ತೆ ಕೈಮುಗಿದರು, ಆದರೆ ಕದಲಲಿಲ್ಲ. "ಸಾಹೇಬರ, ಆ ಕಲ್ಲು ಆರು ವರ್ಷದ ಹಿಂದೂ ಅಲ್ಲೇ ಇತ್ತಲ್ರಿ. ಯಾರೂ ಯಾಕ ಬಂದು ನೋಡಲಿಲ್ಲ?"

ಕೋರ್ಟಿನ ಜವಾನ ಪಟ್ಟೇವಾಲಾ ಗದರಲು ಮುಂದಾದ. ಜಡ್ಜ್ ಅವನನ್ನು ತಡೆದು, "ನೀವು ಕೇಳೂದು ಖರೇ ಐತ್ರಿ, ಅವ್ವಾರ" ಎಂದರು.

ಗೋಡೆ ಬಿತ್ತು. ಮೊದಲ ಕೊಡ ಸೇದಿದಾಗ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಒಂದು ಬೆಳಗಿನ ಕೆಲಸಕ್ಕೆ ನನ್ನ ಆರು ವರ್ಷ ಹೋಗಿತ್ತು.

ವರ್ಷ ತುಂಬುವುದರೊಳಗೆ, ಇನ್ನು ಅಗತ್ಯವಿಲ್ಲವೆಂದು ಆ ಜಡ್ಜರನ್ನು ಬೇರೆ ಕಡೆಗೆ ಕಳಿಸಿ ತಟ್ಟಿ ಬಿಚ್ಚಿದರು. ನಮ್ಮ ಓಣಿಯಲ್ಲೇ ಮೂರು ಮನೆಯ ದಾವೆಗಳು ಮತ್ತೆ ಹಳೆಯ ಜಡ್ಜರ ಖೋಲಿಗೆ ಹೋದವು. ಅತ್ತೆ ಹೆಂಗಸರನ್ನೆಲ್ಲ ಸೇರಿಸಿದರು, ಎರಡನೆಯ ಜಡ್ಜ್ ಬೇಕೆಂದು ನಾನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದೆ, ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಮುಟ್ಟಿತೆಂಬ ಒಂದು ಸಾಲೂ ಅಲ್ಲಿಂದ ಬರಲಿಲ್ಲ. "ಇನ್ನೊಂದು ಬರಿ, ಈ ಸಲ ಅಕ್ಷರ ದೊಡ್ಡವು ಇರಲಿ" ಎಂದರು ಅತ್ತೆ. ಬರೆದೆ.