ಎಂಜಿನ್ ಬಿದ್ದ ಭಾನುವಾರ

ನನ್ನ ಮೊಮ್ಮಗಳು ಕಾರಿನ ಎಂಜಿನ್ ಬದಲಾಯಿಸಿದಳು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಟ್ಟುಕೊಂಡರೆ ನನ್ನ ಎದೆ ಒಡೆದುಹೋಗುತ್ತದೆ. ತ್ರಿಪ್ಲಿಕೇನಿನ ನಮ್ಮ ಬೀದಿಯಲ್ಲಿ ಸೊಪ್ಪಿನವಳಿಗೂ ಇಸ್ತ್ರಿಯವನಿಗೂ ಹೇಳಿ ಆಯಿತು, ಕೇಳದವರನ್ನು ನಿಲ್ಲಿಸಿ ಹೇಳಿ ಆಯಿತು. ಆದರೆ ಅದೇನು ಆರತಿ ಎತ್ತಿದ ಹಾಗೆ ನಡೆದ ಕೆಲಸವಲ್ಲ. ರಕ್ತ ಬಂತು, ಹಲ್ಲು ಹೋಯಿತು, ಗಾಜು ಪುಡಿಯಾಯಿತು.

ಹಳೆಯ ಎಂಜಿನ್ ಸತ್ತದ್ದು ತಾಂಬರಂ ದಾರಿಯಲ್ಲಿ. ತಾಂಬರದಲ್ಲಿ ನನ್ನ ತಂಗಿ ಸೊಂಟ ಮುರಿದುಕೊಂಡು ಮಲಗಿದ್ದಳು. ನನ್ನ ಮಂಡಿಗೆ ಎಲೆಕ್ಟ್ರಿಕ್ ರೈಲಿನ ಮೆಟ್ಟಿಲು ಆಗದು, ಆಟೋದಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಹೋದರೆ ಮಾರನೇ ದಿನ ಏಳಲಾರೆ. ನಮ್ಮ ಪುಟ್ಟ ಬಿಳಿ ಕಾರೇ ನನ್ನ ಕಾಲು. ಅವತ್ತು ಮಗ ಓಡಿಸುತ್ತಿದ್ದ. ಢಮ್ ಅಂತ ಒಂದು ಸದ್ದು, ಯಾರೋ ಕಾಲಡಿಯಿಂದ ಸುತ್ತಿಗೆ ಬೀಸಿದ ಹಾಗೆ. ಒಳಗಿನ ರಾಡು ಮುರಿದು, ಎಂಜಿನ್ನಿನ ಪಕ್ಕೆಯನ್ನೇ ಸೀಳಿಕೊಂಡು ಹೊರಗೆ ಬಂದಿತ್ತು. ಕರಿ ಎಣ್ಣೆ ರಸ್ತೆಯ ಮೇಲೆ ಬಿಸಿಬಿಸಿಯಾಗಿ ಹರಿಯಿತು. ತಂಗಿಯ ಮುಖ ನೋಡದೆ ವಾಪಸ್ಸು ಬಂದೆ.

"ಸಾಕಮ್ಮ ಇದರ ಸಹವಾಸ. ಪುದುಪೇಟೆಯ ಗುಜರಿಯವನನ್ನ ಕರೆಸ್ತೀನಿ, ಒಡ್ಕೊಂಡು ಹೋಗ್ಲಿ" ಅಂದ ಮಗ.

"ವೇಂಡಾಂಪಾ!" ಅಂತ ಮೊಮ್ಮಗಳು ಚೀರಿದಳು, ಬೇಡಪ್ಪಾ ಅಂತ. ಅವಳು ಪಾಲಿಟೆಕ್ನಿಕ್ಕಿನಲ್ಲಿ ಓದುವ ಹುಡುಗಿ. ಸಿಟ್ಟು ಬಂದರೆ ಕನ್ನಡ ಓಡಿಹೋಗಿ ತಮಿಳು ಬರುತ್ತದೆ. "ನಾನು ಬೇರೆ ಎಂಜಿನ್ ಹಾಕ್ತೀನಿ."

ಅಪ್ಪ ಮಗಳು ಕೂಗಾಡಿದ್ದಕ್ಕೆ ಎದುರುಮನೆಯ ನಾಯಿ ಬೊಗಳತೊಡಗಿತು. ಕೊನೆಗೆ ಮಗ ಬಾನೆಟ್ಟನ್ನು ಧಡಾರನೆ ಬಡಿದು ಹೇಳಿದ, "ಬರೋ ಭಾನುವಾರ ಕತ್ತಲಾಗೋದ್ರೊಳಗೆ ಸ್ಟಾರ್ಟ್ ಆದ್ರೆ ನಿಂದು. ಇಲ್ದಿದ್ರೆ ಗುಜರಿಯೋನ್ದು."

ಅವಳು ನನ್ನ ಕಡೆ ತಿರುಗಿ, "ಅಜ್ಜೀ, ನಿಮ್ಮನ್ನ ತಾಂಬರಂಗೆ ನಾನೇ ಕೂಟಿಕೊಂಡು ಹೋಗ್ತೀನಿ, ನೋಡಿ" ಅಂದಳು.

ಎಂಜಿನ್ ಆರಿಸುವುದಕ್ಕೆ ನನ್ನನ್ನೂ ಪುದುಪೇಟೆಗೆ ಕರೆದುಕೊಂಡು ಹೋದಳು. ಅಯ್ಯೋ, ಅದೇನು ಓಣಿಯೋ, ಕಟುಕರ ಕೇರಿಯೋ! ನಿನ್ನೆ ಮೊನ್ನೆ ರಸ್ತೆಯಲ್ಲಿ ಓಡಿದ ಕಾರುಗಳ ತಲೆ ಒಂದು ಕಡೆ, ಬಾಗಿಲು ಒಂದು ಕಡೆ, ಕರುಳಿನ ಹಾಗೆ ವೈರುಗಳು ನೇತಾಡುತ್ತಿವೆ. ಭುಜದ ಮೇಲೆ ಸಮ್ಮಟಿಗೆ ಹೊತ್ತ ಒಬ್ಬ ಗಡ್ಡದವನು ಒಂದೇ ಏಟಿಗೆ ಕಾರಿನ ಕಿಟಕಿ ಚೌಕಟ್ಟನ್ನು ಮಡಚಿ ಹಾಕಿದ. ನಮ್ಮ ಕಾರು ಒಡೆಯಲು ಮಗ ಹೇಳಿಟ್ಟದ್ದು ಅವನಿಗೇ. ಎಂಜಿನ್ ಮಾರುವವನೂ ಅವನೇ.

ಅವನ ಹತ್ತಿರ ಎರಡು ಇದ್ದವು. ಒಂದು ನಮ್ಮಂಥದೇ ಕಾರಿನದು, ಇನ್ನೊಂದು ವ್ಯಾನಿನದು. ನನ್ನ ಕಣ್ಣಿಗೆ ಅವಳಿ ಮಕ್ಕಳು. ಎರಡಕ್ಕೂ ಮೂರೇ ಸಿಲಿಂಡರು, ಎರಡಕ್ಕೂ ಅದೇ ಕರಿ ಮೂತಿ. ಮೊಮ್ಮಗಳು ಪ್ಲಗ್ಗು ಬಿಚ್ಚಿ, ಆ ತೂತಿನ ಮೇಲೆ ನನ್ನ ಹೆಬ್ಬೆರಳು ಒತ್ತಿಸಿ, ಕೆಳಗಿನ ಚಕ್ರ ತಿರುಗಿಸಿದಳು. ಕಾರಿನ ಎಂಜಿನ್ ಮುದುಕಿ ಕೆಮ್ಮಿದ ಹಾಗೆ ಪುಸ್ ಅಂದಿತು. ವ್ಯಾನಿನದು ನನ್ನ ಬೆರಳನ್ನು ಎತ್ತಿ ಒಗೆಯಿತು!

"ಇದೇ ಬೇಕು. ಇದಕ್ಕೆ ರೋಷ ಇದೆ" ಅಂದೆ.

"ಆದ್ರೆ ಅಜ್ಜೀ, ವ್ಯಾನಲ್ಲಿ ಇದು ಉದ್ದಕ್ಕೆ ಮಲಗತ್ತೆ, ನಮ್ಮದರಲ್ಲಿ ಅಡ್ಡಕ್ಕೆ. ಕಾರಿಗೆ ಬಿಗಿಯೋ ಕಾಲು ಬೇರೆ, ಎಣ್ಣೆ ನಿಲ್ಲೋ ತಟ್ಟೆ ಬೇರೆ."

"ಹಾಗಾದ್ರೆ?"

"ಹೊಟ್ಟೆ ಅದರದು, ಕಾಲೂ ತಟ್ಟೆಯೂ ನಮ್ಮ ಹಳೇದರದು."

ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಮೂರು ಕಬ್ಬಿಣದ ಪೈಪು ನಿಲ್ಲಿಸಿ, ನಮ್ಮ ಬಾವಿಯ ರಾಟೆ ಕಟ್ಟಿದರು. ಬೀದಿಯ ಮೆಕ್ಯಾನಿಕ್ ಬಂದಿದ್ದ. ಚಿಕ್ಕವಳಿದ್ದಾಗ ಶಾಲೆಯಿಂದ ಬಂದೊಡನೆ ಮೊಮ್ಮಗಳು ಅವನ ಶೆಡ್ಡಿಗೆ ಓಡುತ್ತಿದ್ದಳು, ಸ್ಪ್ಯಾನರ್ ಹಿಡಿಯಲು ಕಲಿಸಿದವನೇ ಅವನು. ಹಗ್ಗ ಹಿಡಿಯಲು ನನ್ನ ತಮ್ಮ. ಕುಂದಾಪುರದಿಂದ ನನ್ನನ್ನು ನೋಡಲು ಬಂದಿದ್ದ, ಜನ್ಮವಿಡೀ ಬಾವಿಯಿಂದ ನೀರು ಸೇದಿದ ತೋಳು. ತಮಿಳು ಒಂದಕ್ಷರ ಬಾರದು.

ವ್ಯಾನಿನ ಎಂಜಿನ್ ನಮ್ಮ ಕಾಲು ತೊಟ್ಟುಕೊಂಡು ಗಾಳಿಯಲ್ಲಿ ತೂಗುತ್ತಿತ್ತು. ಮೊಮ್ಮಗಳು ಕಾರಿನ ಮುಂದೆ ನಿಂತು ಎರಡೂ ಕೈಯಲ್ಲಿ ಅದನ್ನು ಒಳಗೆ ತಳ್ಳುತ್ತಿದ್ದಳು. ಒಂದಿಷ್ಟು ಮೇಲೆ ಹೋಗಬೇಕಿತ್ತು. ಮೆಕ್ಯಾನಿಕ್ ಕೂಗಿದ, "ಇಳು!"

ತಮ್ಮ ಹಗ್ಗ ಸಡಿಲ ಬಿಟ್ಟ.

"ಯೋವ್, ಇಳು! ಇಳುಯ್ಯಾ!"

ಇನ್ನೂ ಬಿಟ್ಟ.

"ಇಳೂ!"

ತಮ್ಮ ಪೂರ್ತಿ ಬಿಟ್ಟ.

ಎಂಜಿನ್ ಕಾರಿನ ಮುಂಭಾಗಕ್ಕೆ ಅಪ್ಪಳಿಸಿ, ಕೆಳಗಿಟ್ಟಿದ್ದ ಹಳೆ ಟೈರಿನ ಮೇಲೆ ಬಿದ್ದು, ಪುಟಿದು ಹೊರಳಿತು. ಹೊರಳಿದ್ದು ನನ್ನ ಮಗುವಿನ ಪಾದದ ಕಡೆಗೆ. ಅವಳು ಕೂಗಿಕೊಂಡಳು. ಚಪ್ಪಲಿ ಅಡಿಯಲ್ಲಿ ಸಿಕ್ಕಿತ್ತು, ಹೆಬ್ಬೆರಳ ಉಗುರು ಕಿತ್ತುಬಂದಿತ್ತು, ಕಲ್ಲುಹಾಸಿನ ಮೇಲೆ ರಕ್ತ.

ಮೆಕ್ಯಾನಿಕ್ ಹಾರಿಬಂದು ತಮ್ಮನ ಕೆನ್ನೆಗೆ ಬಾರಿಸಿದ. "ಪುಳ್ಳೆಯೆ ಕೊಲ್ಲಪ್ಪಾತ್ತಿಯಾ?" ಮಗುವನ್ನೇ ಕೊಲ್ಲುತ್ತಿದ್ದೆಯಲ್ಲ ಅಂತ. ತಮ್ಮ ಅವನ ಬಾಯಿಗೇ ಗುದ್ದಿದ. ಹಲ್ಲೊಂದು ಹಾರಿ ತುಳಸಿಕಟ್ಟೆಗೆ ಬಡಿದದ್ದು ನನ್ನ ಕಿವಿಗೆ ಕೇಳಿಸಿತು. ಇಬ್ಬರೂ ನೆಲಕ್ಕುರುಳಿದರು. ಅವನು ಇವನ ಕುತ್ತಿಗೆ ಒತ್ತಿದರೆ ಇವನು ಅವನ ತಲೆಯನ್ನು ಕಲ್ಲಿಗೆ ಕುಟ್ಟುತ್ತಾನೆ. ಒಳಗಿನಿಂದ ಓಡಿಬಂದ ಮಗ ಮಗಳ ಪಾದ ನೋಡಿದವನೇ ಹಾರೆ ಎತ್ತಿ ಕಾರಿನ ಒಂದು ಹೆಡ್‌ಲೈಟನ್ನು ನುಚ್ಚುನೂರು ಮಾಡಿದ. "ಕೊಲ್ಲತ್ತೆ ಇದು! ಎಲ್ಲರನ್ನೂ ಕೊಲ್ಲತ್ತೆ!"

ನಿಲ್ಲಿಸಿ ಅಂದೆ, ಯಾರಿಗೆ ಕೇಳಬೇಕು? ಹಳೆ ಎಂಜಿನ್ನಿನಲ್ಲಿ ಉಳಿದಿದ್ದ ಕರಿ ಎಣ್ಣೆ ಬಕೆಟ್ಟಿನಲ್ಲಿತ್ತು. ಎತ್ತಿ ಇಬ್ಬರ ಮುಖಕ್ಕೂ ಎರಚಿದೆ.

"ಅವ್ನೇ ಇಳಿ ಇಳಿ ಅಂದದ್ದು ಮಾರಾಯ್ತಿ! ನಾನ್ ಇಳ್ಸಿದೆ!" ಅಂತ ತಮ್ಮ ಎಣ್ಣೆ ಉಗುಳುತ್ತಾ ಅರಚಿದ.

ಆಗ ನನಗೆ ಹೊಳೆಯಿತು. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ನಾನೂ ಬಾವಿಕಟ್ಟೆಯಲ್ಲಿ ಇದಕ್ಕೇ ಬೈಸಿಕೊಂಡವಳು.

"ಲೇ ಮಂಕೇ, ಇವರ ಇಳು ಅಂದ್ರೆ ನಮ್ಮ ಎಳೆ! ಎಳೆ ಅಂದದ್ದು ಅವನು!" ಮೆಕ್ಯಾನಿಕ್‌ಗೂ ತಮಿಳಿನಲ್ಲಿ ಬಿಡಿಸಿ ಹೇಳಿದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕರಿ ಮುಖದಲ್ಲಿ ಕಣ್ಣು ಮಾತ್ರ ಬೆಳ್ಳಗೆ. ಮೆಕ್ಯಾನಿಕ್ ರಕ್ತದ ಬಾಯಲ್ಲೇ ನಕ್ಕುಬಿಟ್ಟ. ತಮ್ಮ ಅವನ ಹಲ್ಲು ಹುಡುಕಲು ಹೊರಟ.

ಆದರೆ ಎಂಜಿನ್ನಿನ ಒಂದು ಕಾಲು, ಆ ಕಬ್ಬಿಣದ ಪಟ್ಟಿ, ಬಾಗಿಹೋಗಿತ್ತು. ತೂತಿಗೆ ಬೋಲ್ಟು ಕೂರದು. ಮೆಕ್ಯಾನಿಕ್‌ನ ಸುತ್ತಿಗೆಗೆ ಅದು ಮಣಿಯಲೇ ಇಲ್ಲ. ಹೊತ್ತು ಇಳಿಯುತ್ತಿರುವಾಗ ಪುದುಪೇಟೆಯ ಗಡ್ಡದವನು ಸಮ್ಮಟಿಗೆ ಹೊತ್ತು ಬಂದೇಬಿಟ್ಟ. ಮಗ ಕಾರಿನ ಕಡೆ ಕೈ ತೋರಿಸಿದ.

ಮೊಮ್ಮಗಳು ಬಟ್ಟೆ ಸುತ್ತಿದ ಪಾದವನ್ನು ಎಳೆಯುತ್ತಾ ಬಂದು ಅವನೆದುರು ನಿಂತಳು. "ಇನ್ನೂ ಬೆಳಕಿದೆ ಅಪ್ಪಾ." ಆಮೇಲೆ ಗಡ್ಡದವನ ಕೈಗೆ ಆ ಬಾಗಿದ ಪಟ್ಟಿ ಕೊಟ್ಟು ತಮಿಳಿನಲ್ಲಿ ಕೇಳಿದಳು, "ಅಣ್ಣಾ, ಕಾರಿಗೆ ಹೊಡೆಯೋ ಮೊದಲು ಇದಕ್ಕೆ ಹೊಡೀತೀರಾ?"

ಅವನು ಅವಳ ಪಾದ ನೋಡಿದ, ಮಗನನ್ನು ನೋಡಿದ. ಹೊಡೆಯಲು ಗಟ್ಟಿಯಾದದ್ದು ಏನಿದೆ ಅಂದ. ಹಿಂದೆ ನಾವು ಊಟದ ಮೆಸ್ಸು ನಡೆಸುತ್ತಿದ್ದ ಕಾಲದ ಕಡೆಯುವ ಕಲ್ಲು ಮೂಲೆಯಲ್ಲಿತ್ತು. ಎಷ್ಟು ಇಡ್ಲಿ ಹಿಟ್ಟು ಕಡೆದ ಕಲ್ಲು ಅದು! ಅದರ ಮೇಲೇ ಇಡು ಅಂದೆ. ಅವನು ಬೀಸಿದ. ಕಿಡಿ ಹಾರಿತು. ಇನ್ನೊಮ್ಮೆ ಬೀಸಿದ, ಕಲ್ಲಿನ ಅಂಚು ಚಕ್ಕೆಯೆದ್ದು ಗೋಡೆಗೆ ಸಿಡಿಯಿತು. ಒಡೆಯಲಿ, ಹೋಗಲಿ! ಮತ್ತೆ ಮತ್ತೆ ಬಡಿದ, ಹಗೆ ತೀರಿಸಿಕೊಳ್ಳುವವನ ಹಾಗೆ. ಪಟ್ಟಿ ನೆಟ್ಟಗಾಯಿತು.

ತಮ್ಮ ಮತ್ತೆ ಹಗ್ಗ ಹಿಡಿದ. ಮೆಕ್ಯಾನಿಕ್ ಹಲ್ಲಿಲ್ಲದ ಸಂದಿಯಿಂದ ಗಾಳಿ ಬಿಡುತ್ತಾ ಕೂಗಿದ, "ಎಳೆ ಅಣ್ಣಾ, ಎಳೆ!" ತಮ್ಮ ಎಳೆದ. ಗಡ್ಡದವನೂ ಕೈ ಹಾಕಿದ. ಎಂಜಿನ್ ಮೇಲೆದ್ದು ತೂಗಿ, ತನ್ನ ಜಾಗದಲ್ಲಿ ಕೂತಿತು.

ಉಳಿದ ಬೋಲ್ಟು, ವೈರು, ಪೈಪು ಎಲ್ಲ ಮುಗಿಯುವಾಗ ಆಕಾಶದಲ್ಲಿ ಚೂರು ಕೆಂಪು ಉಳಿದಿತ್ತು. ಮೊಮ್ಮಗಳು ಗಾಯದ ಪಾದವನ್ನೇ ಪೆಡಲಿನ ಮೇಲಿಟ್ಟು ಬೀಗದ ಕೈ ತಿರುಗಿಸಿದಳು. ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಹಿತ್ತಲು ನಡುಗುವ ಹಾಗೆ ಗರ್ಜಿಸಿತು. ನಾನು ಕುಣಿದೆ. ಮಂಡಿ ನೋವಿನ ಮುದುಕಿ ಎಣ್ಣೆ ಚೆಲ್ಲಿದ ಕಲ್ಲಿನ ಮೇಲೆ ಕುಣಿದೆ! ಮಗ ಒಡೆದ ಹೆಡ್‌ಲೈಟಿನ ಗಾಜು ಆರಿಸುತ್ತಾ ತಲೆ ಎತ್ತಲಿಲ್ಲ, ಆದರೆ ಅವನ ಭುಜ ಅಲುಗುತ್ತಿದ್ದದ್ದು ಕಂಡೆ.

ಮುಂದಿನ ವಾರ ಹಗಲಲ್ಲೇ ಹೊರಟೆವು, ದೀಪ ಒಂದೇ ತಾನೆ. ತಾಂಬರದಲ್ಲಿ ತಂಗಿಯ ಮನೆ ಬಾಗಿಲಿಗೆ ನಿಲ್ಲಿಸಿ ಮೊಮ್ಮಗಳು, "ಇಳೀರಿ ಅಜ್ಜೀ" ಅಂದಳು.

ಮಂಡಿ ಮಡಚಿಕೊಂಡು ಕೂತೇಬಿಟ್ಟಿತ್ತು. ಎರಡೂ ಕೈ ಚಾಚಿ ಹೇಳಿದೆ, "ಇಳು."

ನಗುತ್ತಾ ಎಳೆದಳು.